ಮೂರನೇ ಸಲದ ಕರೆ

ನಮ್ಮ ಕಡೆಯವರಿಗೆ ಒಂದು ಕಾಯಿಲೆ ಇದೆ, ಕೊರೊನಾಕ್ಕಿಂತ ಬಹಳ ಹಳೆಯದು. ತಾವು ಏನಾದರೂ ತಿನ್ನುತ್ತಿರುವಾಗ ಪರಿಚಯದವರು ಎದುರಿನಿಂದ ಹಾದುಹೋದರೆ ಕರೆಯದೆ ಸುಮ್ಮನಿರಲು ಇವರಿಂದ ಆಗುವುದಿಲ್ಲ. ಕರೆಸಿಕೊಂಡವರಿಗೂ ಒಂದು ಕ್ರಮ ಇದೆ. ಮೊದಲ ಸಲ ‘ಬೇಡ, ಈಗಷ್ಟೇ ಆಯ್ತು’ ಎನ್ನಬೇಕು. ಎರಡನೇ ಸಲವೂ ಬೇಡ ಎನ್ನಬೇಕು. ಮೂರನೇ ಸಲ ಕರೆದರೆ ಕೂರಲೇಬೇಕು, ಇಲ್ಲದಿದ್ದರೆ ಕರೆದವರಿಗೆ ಬೇಸರ. ಒಳ್ಳೆಯ ಗುಣವೇ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಹೋಟೆಲನ್ನು ತಿಂದುಹಾಕಿದ್ದು ಈ ಒಳ್ಳೆಯ ಗುಣವೇ.

ದರ್ಬೆ ಪೇಟೆಯ ಮುಖ್ಯರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲಿತ್ತು. ಮಾವ ಶುರುಮಾಡಿದ್ದು. ಅವರ ನಂತರ ನನ್ನ ಗಂಡ ಒಲೆಯ ಮುಂದೆ, ನಾನು ದುಡ್ಡಿನ ಗಲ್ಲೆಯಲ್ಲಿ. ಕೊರೊನಾ ಬಂದು, ಒಳಗೆ ಯಾರನ್ನೂ ಕೂರಿಸಬಾರದು, ಪಾರ್ಸೆಲ್ ಮಾತ್ರ ಎಂದಾಯಿತು. ಗೋಳಿಬಜೆ ಪಾರ್ಸೆಲ್ ಕಟ್ಟಿದರೆ ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗುತ್ತದೆ. ನೀರುದೋಸೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ನಮ್ಮದು ಕೂತು ತಿನ್ನುವವರ ಹೋಟೆಲು. ಹೀಗೇ ಮುಂದುವರಿದರೆ ಬಾಗಿಲು ಹಾಕುವುದೇ ಎಂದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ಆಡಳಿತದವರು ನಿಯಮ ಸಡಿಲ ಮಾಡಿದರು. ಒಳಗೆ ಬೇಡ, ಆದರೆ ಮುಂದೆ ಜಾಗ ಇದ್ದವರು ಹೊರಗೆ ಮೇಜು ಹಾಕಬಹುದು. ಒಂದು ಮೇಜಿಗೆ ಇಬ್ಬರೇ, ಮೇಜುಗಳ ನಡುವೆ ಅಂತರ, ನೆಲದಲ್ಲಿ ಎಳೆದ ಬಿಳಿ ಗೆರೆ ದಾಟಬಾರದು. ತಪ್ಪಿದರೆ ಅನುಮತಿ ರದ್ದು. ಈ ಅನುಮತಿಗಾಗಿ ಆಫೀಸಿಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆದಿತ್ತು. ಎದುರಿಗೆ ತಗಡಿನ ಚಪ್ಪರ ಇದ್ದುದರಿಂದ ನಮಗೆ ಮಳೆಯ ಹೆದರಿಕೆಯೂ ಇರಲಿಲ್ಲ. ಪರಿಶೀಲನೆಯ ಅಧಿಕಾರಿ ತಾವೇ ನಿಂತು ಗೆರೆ ಎಳೆಸಿದರು. ಒಳ್ಳೆಯ ಮನುಷ್ಯ. “ಜಾಗ್ರತೆ ಅಕ್ಕ, ಮೇಲಿನವರು ನೋಡ್ತಾ ಇರ್ತಾರೆ” ಎಂದು ಹೇಳಿಹೋದರು.

ಒಂದು ವಿಷಯ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಒಳಗೆ ಕೂತರೆ ಗೋಡೆ ಅಡ್ಡ ಇರುತ್ತದೆ, ತಿನ್ನುವವರು ಯಾರಿಗೂ ಕಾಣುವುದಿಲ್ಲ. ಹೊರಗೆ ಕೂತರೆ ಇಡೀ ದರ್ಬೆ ಎದುರಿನಿಂದ ಹೋಗುತ್ತದೆ.

“ಎಂತ ಮಾರಾಯ್ರೆ, ನೋಡಿಯೂ ನೋಡದ ಹಾಗೆ ಹೋಗುದಾ? ಬನ್ನಿ, ಒಂದು ಚಾ ಕುಡಿಯುವ!”

ಒಬ್ಬರು ಬೇಡ ಬೇಡ ಎಂದು ಮೂರನೇ ಸಲಕ್ಕೆ ಕೂರುವರು. ಕೂತವರು ಮತ್ತೊಬ್ಬರನ್ನು ಕರೆಯುವರು. ಸವಣೂರಿನ ಬಸ್ಸಿಳಿದವರು ಬಂದರೆ ಮುಗಿಯಿತು, ಇಬ್ಬರ ಮೇಜಿನಲ್ಲಿ ಆರು ಲೋಟ. ನಾನು ‘ಇಬ್ಬರಿಗೆ ಮಾತ್ರ’ ಎಂದು ಬೋರ್ಡು ಬರೆಸಿ ತೂಗುಹಾಕಿದೆ. “ನಾನು ಕೂರುದಿಲ್ಲ ಅಕ್ಕ, ನಿಂತುಕೊಂಡೇ ಕುಡಿಯುದು” ಎಂದರು. ಹೆಚ್ಚಿನ ಕುರ್ಚಿಗಳನ್ನೆಲ್ಲ ಒಳಗೆ ಹಾಕಿ ಬೀಗ ಹಾಕಿದೆ. ಸ್ಕೂಟರನ್ನು ಮೇಜಿನ ಪಕ್ಕಕ್ಕೆ ತಂದು ಅದರ ಮೇಲೆ ಕೂತರು. ಎಲ್ಲರಿಗೂ ನಮ್ಮ ಹೋಟೆಲು ಉಳಿಯಬೇಕು ಎಂಬ ಆಸೆ ಇತ್ತು, ಅದನ್ನೇ ಗುಂಪಾಗಿ ಕೂತು ಮಾತಾಡುತ್ತಿದ್ದರು! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೊರಗಿನವರ ವಿಷಯ ಹೋಗಲಿ. ನನ್ನ ಗಂಡ ಒಲೆ ಬಿಟ್ಟು, ಕೈಯಲ್ಲಿ ಜಾಲರಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಜನ ಕರೆಯುತ್ತಿದ್ದರು.

“ನಿಮಗೆ ಹೋಟೆಲು ಬೇಕಾ, ಬೇಡ್ವಾ?” ಎಂದು ಬೈದೆ.

“ಗುರ್ತದವರು ಮಾರಾಯ್ತಿ. ಕರೆಯದಿದ್ರೆ ಎಂತ ಅಂದ್ಕೊಳ್ತಾರೆ?”

ಅಪ್ಪ ನೆಟ್ಟ ಆಲದಮರ ಎನ್ನುತ್ತಾರಲ್ಲ, ಇವರಿಗೆ ಅಪ್ಪನಿಂದ ಬಂದದ್ದು ಹೋಟೆಲಿಗಿಂತ ಹೆಚ್ಚಾಗಿ ಈ ಬಾಯಿ.

ಒಂದು ಸಂಜೆ ಆ ಅಧಿಕಾರಿಯೇ ನಡೆದುಕೊಂಡು ಬಂದರು. ಮೇಜುಗಳನ್ನು ನೋಡಿ ಮುಖ ಗಂಟಿಕ್ಕಿದರು. ಬೈಯಲಿ, ಚೆನ್ನಾಗಿ ಬೈಯಲಿ, ನನ್ನ ಮಾತು ಕೇಳದವರು ಅವರ ಮಾತಾದರೂ ಕೇಳಿಯಾರು ಎಂದು ನಾನು ಕಾದೆ. ಅವರು ಬಾಯಿ ತೆರೆಯುವ ಮೊದಲೇ ಒಂದು ಮೇಜಿನಿಂದ ಕರೆ ಬಂತು, “ಬನ್ನಿ ಸಾರ್, ಬನ್ಸ್ ಬಿಸಿ ಉಂಟು.”

“ಬೇಡ ಬೇಡ, ನಾನು ಡ್ಯೂಟಿಯಲ್ಲಿದ್ದೇನೆ.”

ಇನ್ನೊಂದು ಮೇಜಿನವರು ಕರೆದರು. ಬೇಡ ಎಂದರು. ಆಗ ಒಳಗಿನಿಂದ ನನ್ನ ಗಂಡ, “ಒಂದು ಚಾ ಕುಡಿದು ಹೋಗಿ ಸಾರ್, ನಮಗೂ ಖುಷಿ” ಎಂದುಬಿಟ್ಟರು.

ಮೂರನೇ ಸಲ! ಪಾಪ, ಅವರೂ ಈ ಊರಿನವರೇ. ಕೂತರು. ಮಾಸ್ಕು ಗಲ್ಲದ ಕೆಳಗೆ ಇಳಿಯಿತು. ಅಭಿಮಾನದಿಂದಲೇ ಇರಬೇಕು, ಯಾರೋ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಬಿಳಿ ಗೆರೆ, ಆರು ಜನ, ನಡುವೆ ಬನ್ಸ್ ಹಿಡಿದ ಅಧಿಕಾರಿ, ಮೇಲೆ ‘ಇಬ್ಬರಿಗೆ ಮಾತ್ರ’ ಎಂಬ ನನ್ನ ಬೋರ್ಡು. ಫೋಟೋ ಮೇಲಿನವರಿಗೆ ಮುಟ್ಟಲು ತಡವಾಗಲಿಲ್ಲ. ಮರುದಿನ ನಮ್ಮ ಅನುಮತಿ ಹೋಯಿತು.

ಮತ್ತೆ ಪಾರ್ಸೆಲ್ಲು, ಮತ್ತೆ ಮೆತ್ತಗಿನ ಗೋಳಿಬಜೆ. ಆ ಮಳೆಗಾಲ ಮುಗಿಯುವ ಮೊದಲೇ ಕಟ್ಟಡದ ಮಾಲೀಕರಿಗೆ ಬೀಗದ ಕೈ ಕೊಟ್ಟೆವು. ಹೋಟೆಲಿನ ಹೆಸರಿನ ಬೋರ್ಡು ಇಳಿಸುವಾಗ ಗಂಡ ಅತ್ತರು. ನನಗೆ ಅಳು ಬರಲಿಲ್ಲ, ಸಿಟ್ಟೇ ಬಂತು.

ಈಗ ನಾವು ದರ್ಬೆಯಲ್ಲಿ ನಡೆದುಹೋದರೆ ಪ್ರತಿ ಹೋಟೆಲಿನಿಂದ ಕರೆಯುತ್ತಾರೆ. ಅವೇ ಮುಖಗಳು, ಅದೇ ಪ್ರೀತಿ. ಗಂಡ ಎರಡು ಸಲ ಬೇಡ ಎಂದು ಮೂರನೇ ಸಲಕ್ಕೆ ಹೋಗಿ ಕೂತುಬಿಡುತ್ತಾರೆ. ನಾನು ತರಕಾರಿ ಚೀಲ ಹಿಡಿದು ರಸ್ತೆಯಲ್ಲೇ ನಿಂತಿರುತ್ತೇನೆ. “ಅಕ್ಕ, ನೀವೂ ಬನ್ನಿ” ಎನ್ನುತ್ತಾರೆ. ಬೇಡ ಎನ್ನುತ್ತೇನೆ. “ಬನ್ನಿ ಅಕ್ಕ, ಒಂದು ಚಾ” ಎನ್ನುತ್ತಾರೆ. ಮತ್ತೂ ಬೇಡ ಎನ್ನುತ್ತೇನೆ. ಮೂರನೇ ಸಲ ಕರೆಯುವ ಮೊದಲೇ ಅಲ್ಲಿಂದ ಹೊರಟುಬಿಡುತ್ತೇನೆ.