ತಮ್ಮನ ಸೆರಗಿಗೆ ಚುಚ್ಚಿದ ನೋಟು

ರಾಣಿಯ ಪಾತ್ರದಲ್ಲಿ ನನ್ನ ತಮ್ಮ ಅಳುತ್ತಿದ್ದಾಗಲೇ ಊರ ಸಾಹುಕಾರರು ರಂಗದ ಮೇಲೆ ಹತ್ತಿ, ಅವನ ಸೆರಗಿಗೆ ನೂರರ ನೋಟು ಚುಚ್ಚಿದರು. ಕೆನ್ನೆ ಹಿಂಡಿ, "ಅಳೂದು ಸಾಕು, ಒಂದೀಟು ಸೊಂಟ ಕುಣಸ ಬೇ, ಇನ್ನೊಂದು ಹಚ್ಚತೇನಿ" ಎಂದರು. ಜನ ನಕ್ಕರು. ತಮ್ಮ ನನ್ನತ್ತ ನೋಡಿದ.

ಎಂಬತ್ತರ ದಶಕದಲ್ಲಿ, ಯಡ್ರಾಮಿ ಹತ್ತಿರದ ನಮ್ಮೂರಲ್ಲಿ ನಾಟಕದ ಕಟ್ಟೆ ಕಟ್ಟಿಸಲು ಹೀಗೆ ಆಟದ ನಡುವೆಯೇ ಆಹೇರಿ, ಅಂದರೆ ಕಾಣಿಕೆಯ ಹಣ, ಎತ್ತುತ್ತಿದ್ದೆವು. ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಸಾಹುಕಾರರ ಹೆಸರು ಕೂಗಿ ಚಪ್ಪಾಳೆ ಹೊಡೆಸಿದೆ. ತಮ್ಮ ಕುಣಿದ.

ಬಣ್ಣ ಒರೆಸಿಕೊಳ್ಳುತ್ತ ಅವನು ಕೇಳಿದ: "ಅಣ್ಣಾ, ಮೈಕ್ ನಿನ್ನ ಕೈಯಾಗ ಇತ್ತಲ್ಲ. ಕೆಳಗ ಇಳೀರಿ ಅನ್ನಾಕ ಏನಾಗಿತ್ತು?"

ಅವನು ಮತ್ತೆ ಬಣ್ಣ ಹಚ್ಚಲಿಲ್ಲ. ಕಟ್ಟೆಯ ಕಲ್ಲಿನ ಮೇಲೆ ಸಾಹುಕಾರರ ಹೆಸರಿನ ಮುಂದೆ 'ಕಲಾಪ್ರೇಮಿ' ಎಂದು ಕೆತ್ತಿದ್ದಾರೆ. ಓದಿದಾಗಲೆಲ್ಲ ಮೈ ಉರಿಯುತ್ತದೆ. ಆ ರಾತ್ರಿ ಮೈಕಿನಲ್ಲಿ ಆ ಬಿರುದನ್ನು ಮೊದಲು ಕೂಗಿದವನು ನಾನೇ.