ಮೀಸೆ ಇದ್ದ ಪರವಾನಗಿ

ಹರಿಶ್ಚಂದ್ರನಿಗೆ ಮನುಷ್ಯರಿಗಿಂತ ಕಾಗದ ಹೆಚ್ಚು. ಹೀಗೆ ಹೇಳುತ್ತಿದ್ದವಳು ಅವನ ಹೆಂಡತಿ ಗಂಗೂ. ಹನ್ನೆರಡು ವರ್ಷ ಸಂಸಾರ ಮಾಡಿದವಳ ಮಾತನ್ನು ಅಲ್ಲಗಳೆಯುವುದು ಕಷ್ಟ.

ಸದಾಶಿವಗಡದಿಂದ ಗೋವೆಗೆ ಅವನು ಬಾಡಿಗೆ ಮೋಟಾರು ಓಡಿಸುತ್ತಿದ್ದ. ಮಾಜಾಳಿ ದಾಟಿದರೆ ಪೋರ್ತುಗೀಜರ ರಾಜ್ಯ. ಮುಂಬೈ ಸರ್ಕಾರದ ಲೈಸೆನ್ಸು ಅಲ್ಲಿ ನಡೆಯದು. ಅವರದೇ ಪರವಾನಗಿ ಬೇಕು, ಅದರ ಮೇಲೆ ಚಾಲಕನ ಫೋಟೋ ಬೇಕು, ವರ್ಷಕ್ಕೊಮ್ಮೆ ಎರಡೂ ಹೊಸದಾಗಬೇಕು. ಗಡಿಯ ತಪಾಸಣೆ ನಾಕೆಯಲ್ಲಿ ಪೊಲೀಸರು ಫೋಟೋವನ್ನು ಮುಖಕ್ಕೆ ಹೋಲಿಸಿ ನೋಡಿಯೇ ಬಿಡುತ್ತಿದ್ದರು. ಹರಿಶ್ಚಂದ್ರ ಅದನ್ನು ಮೇಣಬಟ್ಟೆಯಲ್ಲಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ಫೋಟೋದಲ್ಲಿ ಕರಿ ಟೊಪ್ಪಿಗೆ, ಕೆಳಗೆ ಕೊಂಬಿನಂಥ ಮೀಸೆ.

ಮಾಘದಲ್ಲಿ ಅವನ ಅಪ್ಪ ತೀರಿಕೊಂಡರು. ಹತ್ತನೆಯ ದಿನ ಹೊಳೆದಂಡೆಯಲ್ಲಿ ಕ್ಷೌರಿಕ ತಲೆ ಬೋಳಿಸಿ ಕತ್ತಿಯನ್ನು ಮೀಸೆಗೆ ತಂದಾಗ ಹರಿಶ್ಚಂದ್ರ ಅವನ ಕೈ ಹಿಡಿದ.

"ತಲೆ ಟೊಪ್ಪಿಗೆ ಒಳಗೆ ಅಡಗ್ತದೆ. ಇದು ಹೋದ್ರೆ ನಾಕೆಯವ ಗಡಿ ದಾಟೂಕೆ ಬಿಡೂದಿಲ್ಲ. ಈ ಪರವಾನಗಿ ಇನ್ನೂ ಎರಡು ತಿಂಗಳು ಉಂಟು."

ಮನೆಗೆ ಬಂದವನ ಮುಖ ನೋಡಿ, ಭಾವಿಕೇರಿಯಿಂದ ಬಂದಿದ್ದ ತಂಗಿ ರುಕ್ಮಿಣಿ ಸಿಡಿದಳು. "ಅಣ್ಣಾ, ನಿಂಗೆ ಅಪ್ಪ ದೊಡ್ಡವನೋ, ಫಿರಂಗಿ ಪೊಲೀಸ ದೊಡ್ಡವನೋ?"

"ಮೀಸೆ ಇದ್ರೂ ಇಲ್ದಿದ್ರೂ ಅಪ್ಪಂಗೆ ನನ್ನ ಗುರ್ತು ಸಿಗ್ತದೆ. ಪೊಲೀಸಂಗೆ ಸಿಗೂದಿಲ್ಲ."

"ವೈನಿ, ಕೇಳ್ದ್ಯಾ ನಿನ್ನ ಗಂಡನ ಮಾತು?"

ಗಂಗೂ ಕೊಡ ಎತ್ತಿಕೊಂಡು ನೀರಿಗೆ ನಡೆದಳು. ಬಾವಿಕಟ್ಟೆಯಲ್ಲಿ ಹೆಂಗಸರು ಮೂಗಿನ ಕೆಳಗೆ ಬೆರಳಿಟ್ಟು ನಗುವುದನ್ನು ಕಂಡು ಅವಳು ನೀರು ತರುವ ಹೊತ್ತನ್ನೇ ಬದಲಿಸಿದಳು. ನಗುವಿಗಿಂತ ಅವಳನ್ನು ಕೊರೆದದ್ದು ಬೇರೆ. ಮಾವ ಅವಳನ್ನು ಮಗಳಂತೆ ನೋಡಿಕೊಂಡಿದ್ದರು. ಅವರಿಗೆ ಸಲ್ಲಬೇಕಾದದ್ದು ಸಲ್ಲದೆ ಹೋಯಿತಲ್ಲ! ಉಳಿದಂತೆ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಮೋಟಾರು ದಿನವೂ ಗಡಿ ದಾಟುತ್ತಿತ್ತು.

ಚೈತ್ರದಲ್ಲಿ ಪರವಾನಗಿಯ ಅವಧಿ ಮುಗಿಯಿತು. ಹೊಸ ಫೋಟೋ ತೆಗೆಸಲು ಅವನು ದೋಣಿ ಹತ್ತಿ ಕಾರವಾರಕ್ಕೆ ಹೊರಟ.

"ಮೀಸೆಗೆ ಎಣ್ಣೆ ಹಚ್ಕಂಡು ಹೋಗಿ," ಎಂದಳು ಗಂಗೂ. "ನಾಕೆಯವ್ರಿಗೆ ಚಂದ ಕಾಣ್ಲಿ."

ಸಂಜೆ ಅಂಗಳಕ್ಕೆ ಬಂದವನ ಮೇಲ್ದುಟಿ ಬೋಳಾಗಿತ್ತು. ಕೈಯಲ್ಲಿದ್ದ ಫೋಟೋದಲ್ಲೂ ಮೀಸೆ ಇರಲಿಲ್ಲ.

"ಇದೆಂತ ಮಾಡ್ಕಂಡ್ರಿ? ಇನ್ನು ಮೀಸೆ ಬಿಟ್ರೆ ನಾಕೆಯಲ್ಲಿ ತಡೀತ್ರಲ್ಲ!"

"ಹೌದು, ತಡೀತ್ರು. ಬರೂ ಚೈತ್ರದ ತನಕ ಮೀಸೆ ಬಿಡೂ ಹಾಗಿಲ್ಲ. ಅಪ್ಪನ ವರ್ಷಾಂತಿಕ ಅದ್ರೊಳಗೇ ಬರ್ತದೆ."

ಅಭ್ಯಾಸಬಲದಿಂದ ಮೀಸೆ ಹುರಿಮಾಡಲು ಹೋದ ಬೆರಳು ಬರಿದೆ ಹಿಂದಕ್ಕೆ ಬಂತು. ಅವನು ಒಂದು ಫೋಟೋ ತೆಗೆದು ಅವಳ ಕೈಗಿಟ್ಟ.

"ಇದೊಂದು ಹೆಚ್ಚಿಗೆ ಮಾಡ್ಸಿದ್ದು. ರುಕ್ಮಿಣಿಗೆ ಕಳ್ಸು."