ಬುತ್ತಿ ಬಿಚ್ಚುವ ತನಕ

ಬಳ್ಳಾರಿಗೆ ರೈಲು ಬಂದು ಹತ್ತಿಗೆ ಬೆಲೆ ಏರಿದ ಕಾಲ. ಬಾದನಹಟ್ಟಿಯ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದ ನಮ್ಮ ಆರು ಹೆಂಗಸರ ಗುಂಪಿಗೆ ಸಾಬರ ಓಣಿಯ ಅಜ್ಜಿಯೇ ಹಿರಿಯಳು. ಮೊದಲು ಬಿಡಿಸಿದ ಹತ್ತಿಯನ್ನು ಕಣ್ಣಿಗೆ ಒತ್ತಿಕೊಂಡು ದಿನಾಲೂ ಅದೇ ಮಾತು ಹೇಳುತ್ತಿದ್ದಳು: "ಬುತ್ತಿ ಬಿಚ್ಚೂತನಕ ಬಿಡಿಸಿದ್ದು ಎಲ್ಲಾರದು, ಆಮ್ಯಾಲಿಂದು ಅವರವರದು."

ನಮಗೆ ಕೂಲಿ ಎಂದರೆ ಬಿಡಿಸಿದ ಹತ್ತಿಯಲ್ಲೇ ಒಂದು ಪಾಲು. ಆಗ ನನ್ನ ಕೂಸಿಗೆ ಮೂರು ತಿಂಗಳು. ಹಾಲೂಡಿಸಲು ಮತ್ತೆ ಮತ್ತೆ ಏಳುತ್ತಿದ್ದುದರಿಂದ ನನ್ನ ಉಡಿ ತುಂಬುತ್ತಲೇ ಇರಲಿಲ್ಲ. ಹತ್ತಿ ಕೊಟ್ಟು ಜೋಳ ತರದಿದ್ದರೆ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ.

ಒಂದು ಸಂಜೆ, ಎಲ್ಲರಿಗಿಂತ ಚುರುಕು ಕೈಯವಳು ನನ್ನತ್ತ ನೋಡಿ ಸಿಡುಕಿದಳು. "ಈಕಿ ಕೂಸು ಆಡಿಸ್ಕೋತ ಕುಂದರ್ತಾಳ. ನಾ ಸೊಂಟ ಮುರಕೊಂಡು ಈಕಿಗೆ ದುಡೀಬೇಕೇನು?"

ನಾನು ತಲೆ ತಗ್ಗಿಸಿದೆ. ಅಜ್ಜಿ ನಕ್ಕಳು.

"ಖರೇ ಐತಿ ಬೇ. ಅದಕ್ಕ ಮಧ್ಯಾಹ್ನದ್ದು ಪೂರಾ ನಿನಗ ಬಿಟ್ಟೀನಿ. ಮುಂಜಾನಿದು ಇವತ್ತು ನೀನ ಪಾಲು ಮಾಡು. ಆದ್ರ ಎಲ್ಲಾರೂ ಆರಿಸಿಕೊಂಡ ಮ್ಯಾಲ ಉಳಿದದ್ದು ನಿಂದು, ನೋಡು."

ಚುರುಕು ಕೈಯವಳು ಮುಂಜಾನೆಯ ಕೂಲಿಹತ್ತಿಯ ರಾಶಿಯ ಮುಂದೆ ಕುಳಿತು ಆರು ಗುಡ್ಡೆ ಮಾಡಿದಳು. ಒಂದು ಗುಡ್ಡೆಯಿಂದ ಚಿಟಿಕೆ ತೆಗೆದು ಇನ್ನೊಂದಕ್ಕೆ ಇಟ್ಟಳು, ಮತ್ತೆ ಅಲ್ಲಿಂದ ಎಳೆ ಕಿತ್ತು ಮೂರನೆಯದಕ್ಕೆ. ಯಾವುದು ಸಣ್ಣದಾದರೂ ಅದು ತನಗೇ ಉಳಿಯುತ್ತದಲ್ಲ! ದೇವರ ಮುಂದೆ ಹೂ ಇಡುವಾಗಲೂ ನಮಗೆ ಅಷ್ಟು ನಿಗಾ ಇರುವುದಿಲ್ಲ.

"ಕೂಸಿನ ತಾಯಿ ಮೊದಲು," ಎಂದಳು ಅಜ್ಜಿ.

ಆರೂ ಗುಡ್ಡೆಗಳನ್ನು ಕಣ್ಣರಳಿಸಿ ನೋಡಿದೆ. ದೊಡ್ಡದು ಯಾವುದೆಂದು ತಿಳಿಯಲೇ ಇಲ್ಲ. ಶಿವನೇ ಎಂದು ಕೈಗೆ ಹತ್ತಿರವಿದ್ದುದನ್ನು ಉಡಿಗೆ ತುಂಬಿಕೊಂಡು ಜೋಳದಂಗಡಿಗೆ ನಡೆದೆ.